ರಾತ್ರಿಯ ಡಬ್ಬಿ, ಬೆಳಗಿನ ಡಬ್ಬಿ: ಹಣ್ಣಿನ ಮ್ಯೂಸ್ಲಿ ಕುರಿತು ನಿಮ್ಮ ಪ್ರಶ್ನೆಗಳು

ರಾತ್ರಿ ಓಟ್ಸ್ ನೆನೆಸಿ ಫ್ರಿಜ್‌ನಲ್ಲಿಟ್ಟು, ಬೆಳಿಗ್ಗೆ ಹಣ್ಣು ಬೆರೆಸಿ ತಿನ್ನುವ ಮ್ಯೂಸ್ಲಿಯ ಬಗ್ಗೆ ಬಂದ ಪತ್ರಗಳನ್ನು ಒಟ್ಟಿಗೆ ಇಟ್ಟುಕೊಂಡು ಓದಿದಾಗ ಒಂದು ವಿಷಯ ಎದ್ದು ಕಂಡಿತು. ಅಂಟಾಯಿತು, ಕಹಿಯಾಯಿತು, ನೀರು ಬಿಟ್ಟಿತು, ಬಾದಾಮಿ ಮೆತ್ತಗಾಯಿತು ಎಂಬ ದೂರುಗಳಲ್ಲಿ ಹೆಚ್ಚಿನವು ಹುಟ್ಟುವುದು ಒಂದೇ ಕಡೆಯಿಂದ: ಬೆಳಿಗ್ಗೆ ಹಾಕಬೇಕಾದ್ದನ್ನು ರಾತ್ರಿಯೇ ಹಾಕಿಬಿಡುವುದು. ಕೆಳಗಿನ ಉತ್ತರಗಳಲ್ಲಿ ಈ ಮಾತು ಮತ್ತೆ ಮತ್ತೆ ಬರುತ್ತದೆ.

ಪ್ರಶ್ನೆ: ಒಮ್ಮೆ ಮಾಡಿದರೆ ಅಂಟಿನ ಮುದ್ದೆ, ಇನ್ನೊಮ್ಮೆ ಮಾಡಿದರೆ ಅಗಿಯಲಾಗದಷ್ಟು ಗಟ್ಟಿ. ಸರಿಯಾದ ಅಳತೆ ಯಾವುದು? (ಮೈಸೂರು)

ಅಳತೆಗಿಂತ ಮೊದಲು ನೀವು ತಂದಿರುವ ಓಟ್ಸ್ ಯಾವುದು ಎಂದು ನೋಡಿ. ರಾತ್ರಿಯಿಡೀ ನೆನೆಸಲು ಒಗ್ಗುವುದು ರೋಲ್ಡ್ ಓಟ್ಸ್, ಅಂದರೆ ಇಡೀ ಕಾಳನ್ನು ಹಬೆಯಲ್ಲಿ ಮೆದುಗೊಳಿಸಿ ಒತ್ತಿದ ದಪ್ಪ ಚಕ್ಕೆ. ಮೂರು ನಿಮಿಷದಲ್ಲಿ ಬೇಯುವ ಇನ್‌ಸ್ಟಂಟ್ ಓಟ್ಸ್ ತೆಳು, ಅರ್ಧಕ್ಕರ್ಧ ಪುಡಿ. ಅದು ಅರ್ಧ ಗಂಟೆಯಲ್ಲೇ ನೆನೆದು ಬೆಳಗಾಗುವಷ್ಟರಲ್ಲಿ ಗಂಜಿಯಾಗುತ್ತದೆ. ಮನೆಯಲ್ಲಿ ಅದೇ ಇದ್ದರೆ ರಾತ್ರಿ ನೆನೆಸಬೇಡಿ, ಎದ್ದ ಮೇಲೆ 20 ನಿಮಿಷ ನೆನೆಸಿದರೆ ಸಾಕು. ಸ್ಟೀಲ್ ಕಟ್ ಎಂದು ಬರೆದಿರುವುದು ಕಾಳನ್ನು ನುಚ್ಚಿನಂತೆ ಕತ್ತರಿಸಿದ್ದು. ತಣ್ಣನೆಯ ಹಾಲಿನಲ್ಲಿ ಎಷ್ಟು ಹೊತ್ತು ಇಟ್ಟರೂ ಅದರ ಒಳಗಿನ ಗಟ್ಟಿ ಹೋಗುವುದಿಲ್ಲ. ಅದನ್ನು 120 ಮಿ.ಲೀ. ನೀರಿನಲ್ಲಿ ಎರಡು ನಿಮಿಷ ಕುದಿಸಿ, ಮುಚ್ಚಿಟ್ಟು, ಆರಿದ ಮೇಲೆ ಫ್ರಿಜ್‌ಗೆ ಇಡಬೇಕು.

ರೋಲ್ಡ್ ಓಟ್ಸ್‌ಗೆ ಒಬ್ಬರ ಲೆಕ್ಕ ಹೀಗೆ: ಓಟ್ಸ್ 40 ಗ್ರಾಂ (ಅಳೆಯುವ ಕಪ್ಪಿನಲ್ಲಿ ಅರ್ಧಕ್ಕಿಂತ ತುಸು ಕಡಿಮೆ), ಕಾಯಿಸಿ ಪೂರ್ತಿ ಆರಿಸಿದ ಹಾಲು 80 ಮಿ.ಲೀ., ಹುಳಿಯಿಲ್ಲದ ಮೊಸರು 60 ಗ್ರಾಂ, ಒಂದು ಚಮಚ ಒಣದ್ರಾಕ್ಷಿ, ಒಂದು ಚಿಟಿಕೆ ಉಪ್ಪು. ಉಪ್ಪು ಬಿಡಬೇಡಿ, ಅದಿಲ್ಲದಿದ್ದರೆ ಎಷ್ಟು ಹಣ್ಣು ಹಾಕಿದರೂ ಸಪ್ಪೆ ಎನಿಸಿ ಕೈ ಸಕ್ಕರೆ ಡಬ್ಬಿಯ ಕಡೆ ಹೋಗುತ್ತದೆ. ಎಲ್ಲವನ್ನೂ 350 ಮಿ.ಲೀ. ಬಾಟಲಿಯಲ್ಲಿ ಹಾಕಿ ನಾಲ್ಕೈದು ಸುತ್ತು ಕಲಕಿ, ಮುಚ್ಚಿ, ಕನಿಷ್ಠ 6 ಗಂಟೆ ಫ್ರಿಜ್‌ನಲ್ಲಿಡಿ. ಬೆಳಿಗ್ಗೆ 100 ಗ್ರಾಂ ಹಣ್ಣಿಗೆ ಬಾಟಲಿಯಲ್ಲಿ ಜಾಗ ಉಳಿದಿರುತ್ತದೆ.

ಅಂಟಾಗಲು ಇನ್ನೂ ಎರಡು ಕಾರಣಗಳಿವೆ. ಹಾಲು ಬಿಸಿಯಿರುವಾಗಲೇ ಸುರಿಯುವುದು ಒಂದು, ಜೋರಾಗಿ ತುಂಬ ಹೊತ್ತು ಕಲಕುವುದು ಇನ್ನೊಂದು. ಓಟ್ಸ್‌ನಲ್ಲಿ ಬೀಟಾ ಗ್ಲುಕಾನ್ ಎಂಬ ಲೋಳೆಯಂಥ ನಾರಿದೆ. ಶಾಖ ಮತ್ತು ತಿರುವಾಟ ಅದನ್ನು ಚಕ್ಕೆಯಿಂದ ಹೊರಗೆಳೆಯುತ್ತವೆ. ಚಿಯಾ ಬೀಜ ಹಾಕುವವರು ಒಂದು ಟೀ ಚಮಚಕ್ಕೆ 40 ಮಿ.ಲೀ. ಹಾಲು ಹೆಚ್ಚಿಗೆ ಸೇರಿಸಬೇಕು. ಅದು ತನ್ನ ತೂಕದ ಸುಮಾರು ಹತ್ತು ಪಟ್ಟು ನೀರು ಕುಡಿಯುತ್ತದೆ, ಹಾಲು ಹೆಚ್ಚಿಸದಿದ್ದರೆ ಓಟ್ಸ್‌ಗೆ ಏನೂ ಉಳಿಯುವುದಿಲ್ಲ. ಹಾಕಿ ಹತ್ತು ನಿಮಿಷ ಬಿಟ್ಟು ಇನ್ನೊಮ್ಮೆ ಕಲಕಿ, ಇಲ್ಲವಾದರೆ ತಳದಲ್ಲಿ ಗಂಟು ಕಟ್ಟುತ್ತದೆ.

ಪ್ರಶ್ನೆ: ಅನಾನಸ್ ಹಾಕಿಟ್ಟ ಮ್ಯೂಸ್ಲಿ ಬೆಳಿಗ್ಗೆ ಕಹಿಯಾಗಿ, ನೀರಾಗಿತ್ತು. ಹಣ್ಣು ಸಿಹಿಯಾಗಿಯೇ ಇತ್ತು. ಹಾಲು ಕೆಟ್ಟಿತ್ತೇ? (ಶಿವಮೊಗ್ಗ)

ಹಾಲು ಕೆಟ್ಟಿರಲಿಲ್ಲ, ಹಣ್ಣೂ ಕೆಟ್ಟಿರಲಿಲ್ಲ. ಹಸಿ ಅನಾನಸಿನಲ್ಲಿ ಬ್ರೊಮೆಲೈನ್ ಎಂಬ ಕಿಣ್ವವಿದೆ. ಪರಂಗಿಯಲ್ಲಿ ಪಪೈನ್, ಕಿವಿ ಹಣ್ಣಿನಲ್ಲಿ ಆಕ್ಟಿನಿಡಿನ್. ಮೂರರ ಕೆಲಸವೂ ಪ್ರೋಟೀನನ್ನು ತುಂಡರಿಸುವುದು. ರಾತ್ರಿ ಎಂಟು ಗಂಟೆಗಳ ಕಾಲ ಹಾಲು ಮೊಸರಿನ ಪ್ರೋಟೀನ್ ಅವುಗಳ ಕೈಗೆ ಸಿಕ್ಕರೆ ಅದು ಸಣ್ಣ ಸಣ್ಣ ತುಣುಕಾಗುತ್ತದೆ, ಆ ತುಣುಕುಗಳೇ ನಾಲಿಗೆಗೆ ಕಹಿ. ಮೊಸರಿನ ಕಟ್ಟು ಒಡೆದು ನೀರು ಬೇರೆಯಾಗುತ್ತದೆ. ಫ್ರಿಜ್‌ನ ತಂಪಿನಲ್ಲಿ ಈ ಕೆಲಸ ನಿಧಾನವಾಗುತ್ತದೆಯೇ ಹೊರತು ನಿಲ್ಲುವುದಿಲ್ಲ. ತಿಂದರೆ ಅಪಾಯವೇನಿಲ್ಲ, ರುಚಿ ಮಾತ್ರ ಹಾಳು.

ಪರಿಹಾರ ಎರಡು. ಈ ಮೂರು ಹಣ್ಣುಗಳನ್ನು ಬಡಿಸುವಾಗ ಮಾತ್ರ ಮೇಲೆ ಹಾಕಿ. ರಾತ್ರಿಯೇ ಬೆರೆಸಲೇಬೇಕು ಎಂದಾದರೆ ಅನಾನಸ್ ತುಂಡುಗಳನ್ನು ಎರಡು ಚಮಚ ನೀರಿನೊಂದಿಗೆ ಐದು ನಿಮಿಷ ಕುದಿಸಿ, ಆರಿಸಿ ಹಾಕಿ. ಶಾಖಕ್ಕೆ ಕಿಣ್ವ ಸತ್ತುಹೋಗುತ್ತದೆ. ಡಬ್ಬಿಯಲ್ಲಿ ಬರುವ ಅನಾನಸ್ ಕಹಿಯಾಗದಿರುವುದೂ ಇದೇ ಕಾರಣಕ್ಕೆ, ಅದನ್ನು ಮೊದಲೇ ಕಾಯಿಸಿರುತ್ತಾರೆ. ಆದರೆ ಅದು ಸಕ್ಕರೆ ಪಾಕದಲ್ಲಿರುತ್ತದೆ, ಪಾಕ ಸೋಸಿಬಿಡಿ.

ಕಲ್ಲಂಗಡಿ, ಕರಬೂಜಗಳ ತೊಂದರೆ ಬೇರೆ. ಕತ್ತರಿಸಿಟ್ಟಷ್ಟು ಹೊತ್ತೂ ಅವು ನೀರು ಬಿಡುತ್ತಲೇ ಇರುತ್ತವೆ. ಅವುಗಳಿಗೂ ಬೆಳಗಿನ ಸರದಿಯೇ. ದಾಳಿಂಬೆ ಕಾಳು, ಸೀಳಿದ ದ್ರಾಕ್ಷಿ, ಖರ್ಜೂರ ರಾತ್ರಿ ಹಾಕಲು ನಿಶ್ಚಿಂತೆಯ ಹಣ್ಣುಗಳು.

ಪ್ರಶ್ನೆ: ಸೇಬು, ಬಾಳೆ ಕಪ್ಪಾಗದಂತೆ ಇಡುವುದು ಹೇಗೆ? (ತುಮಕೂರು)

ಸೇಬನ್ನು ತುರಿದ ಕೂಡಲೇ ಒಂದು ಟೀ ಚಮಚ ನಿಂಬೆರಸ ಹಚ್ಚಿ, ಆಮೇಲೆ ಮೊಸರಿನ ಒಳಗೆ ಮುಳುಗಿಸಿ. ಗಾಳಿ ತಾಗದಿದ್ದರೆ ಎರಡು ದಿನ ಬಣ್ಣ ನಿಲ್ಲುತ್ತದೆ. ಬಾಳೆಹಣ್ಣಿಗೆ ಯಾವ ಉಪಾಯವೂ ಪೂರ್ತಿ ಫಲ ಕೊಡುವುದಿಲ್ಲ, ಬೆಳಿಗ್ಗೆ ಹೆಚ್ಚಿ. ಏಲಕ್ಕಿ ಬಾಳೆಯಾದರೆ ಎರಡು, ಪಚ್ಚಬಾಳೆಯಾದರೆ ಒಂದು ಸಾಕು. ಸಿಹಿಗಾಗಿಯೇ ಬಾಳೆ ಹಾಕುವವರು ರಾತ್ರಿ ಅರ್ಧ ಹಣ್ಣನ್ನು ಕಿವುಚಿ ಹಾಲಿನಲ್ಲಿ ಬೆರೆಸಬಹುದು. ಬಣ್ಣ ತುಸು ಕಂದಾದರೂ ಬೆಲ್ಲದ ಅಗತ್ಯ ತಪ್ಪುತ್ತದೆ.

ಪ್ರಶ್ನೆ: ಇಲ್ಲಿನ ಕೆಫೆಗಳಲ್ಲಿ ಸಿಗುವ ಬಿರ್ಶರ್ ಮ್ಯೂಸ್ಲಿಯಲ್ಲಿ ಸೇಬೇ ಹೆಚ್ಚು, ಓಟ್ಸ್ ಕಡಿಮೆ. ನಾವು ಮನೆಯಲ್ಲಿ ಮಾಡುವುದು ತಿರುಗಾಮುರುಗಾ. ಯಾವುದು ಸರಿ? (ಜ್ಯೂರಿಕ್‌ನಿಂದ ಕನ್ನಡದ ಓದುಗರು)

ನೀವಿರುವ ಊರೇ ಅದರ ತವರು. ಜ್ಯೂರಿಕ್‌ನ ವೈದ್ಯ ಮ್ಯಾಕ್ಸಿಮಿಲಿಯನ್ ಬಿರ್ಶರ್ ಬೆನ್ನರ್ (1867–1939) ಸುಮಾರು 1900ರ ಹೊತ್ತಿಗೆ ತಮ್ಮ ರೋಗಿಗಳಿಗಾಗಿ ರೂಪಿಸಿದ ತಿನಿಸು ಅದು. ಅವರ ಮೂಲ ಅಳತೆಯಲ್ಲಿ ಒಬ್ಬರಿಗೆ ಓಟ್ಸ್ ಕೇವಲ ಒಂದು ದೊಡ್ಡ ಚಮಚ. ಅದನ್ನು ಮೂರು ಚಮಚ ನೀರಿನಲ್ಲಿ 12 ಗಂಟೆ ನೆನೆಸಿ, ಅರ್ಧ ನಿಂಬೆಯ ರಸ, ಒಂದು ಚಮಚ ಸಿಹಿ ಕಂಡೆನ್ಸ್‌ಡ್ ಹಾಲು ಬೆರೆಸಿ, ಒಂದು ದೊಡ್ಡ ಸೇಬನ್ನು ಸಿಪ್ಪೆಯ ಸಮೇತ ಅದರೊಳಕ್ಕೆ ತುರಿದು, ಮೇಲೆ ಒಂದು ಚಮಚ ಹೇಜಲ್‌ನಟ್ ಅಥವಾ ಬಾದಾಮಿ ಪುಡಿ ಉದುರಿಸುತ್ತಿದ್ದರು. ಅಂದರೆ ಅದು ಓಟ್ಸ್ ಸೇರಿಸಿದ ಹಣ್ಣಿನ ತಿನಿಸು. ಹಸಿ ಹಾಲಿನಿಂದ ಕ್ಷಯ ಹರಡುವ ಭಯವಿದ್ದ ಕಾಲ ಅದು, ಡಬ್ಬಿಯ ಹಾಲು ಸುರಕ್ಷಿತ ಎನಿಸಿತ್ತು. ಇಂದು ಕಾಯಿಸಿದ ಹಾಲು, ಮೊಸರು ಇರುವಾಗ ಆ ಸಕ್ಕರೆ ನಮಗೆ ಬೇಡ.

ಸೇಬನ್ನು ಅವರು ತಿನ್ನುವ ಮುಂಚೆಯಷ್ಟೇ ತುರಿಯುತ್ತಿದ್ದರು ಎಂಬುದನ್ನು ಗಮನಿಸಿ. ನೆನೆಸುವುದು ಧಾನ್ಯವನ್ನು ಮಾತ್ರ. ಈ ಕ್ರಮ ಇಂದಿಗೂ ಒಳ್ಳೆಯದು. ಬೆಳಿಗ್ಗೆ ಕೆಲಸಕ್ಕೆ ಹೋಗುವವರಿಗೆ ಒಂದು ಚಮಚ ಓಟ್ಸ್ ಮಧ್ಯಾಹ್ನದವರೆಗೆ ಸಾಲದು, ಹಾಗಾಗಿ 40 ಗ್ರಾಂ ಎಂದಿದ್ದೇವೆ. ಸಂಜೆಯ ಹಗುರ ಊಟಕ್ಕಾದರೆ ಬಿರ್ಶರ್ ಅಳತೆಯೇ ಚೆಂದ.

ಪ್ರಶ್ನೆ: ಭಾನುವಾರವೇ ಐದು ದಿನಕ್ಕೆ ಮಾಡಿಡಬಹುದೇ? ನಮ್ಮಲ್ಲಿ ವಿದ್ಯುತ್ ಆಗಾಗ ಹೋಗುತ್ತದೆ. (ಹುಬ್ಬಳ್ಳಿ)

ಐದು ದಿನ ಬೇಡ, ಮೂರು ದಿನ ಆಗಬಹುದು. ಭಾನುವಾರ ರಾತ್ರಿ ಮೂರು ಬಾಟಲಿ, ಬುಧವಾರ ರಾತ್ರಿ ಎರಡು ಬಾಟಲಿ ಎಂದು ಹಂಚಿಕೊಳ್ಳಿ. ಬಾಟಲಿಗಳನ್ನು ಬಿಸಿ ನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಿರಬೇಕು. ಫ್ರಿಜ್‌ನ ಬಾಗಿಲಿನ ಕಡೆ ಇಡದೆ ಒಳಗಡೆ ಹಿಂಭಾಗದಲ್ಲಿಡಿ, ಬಾಗಿಲು ತೆರೆದಾಗಲೆಲ್ಲ ಬಿಸಿಗಾಳಿ ತಾಗುವುದು ಮುಂಭಾಗಕ್ಕೆ. ಒಳಗಿನ ತಾಪ 4 ಡಿಗ್ರಿ ಅಥವಾ ಅದಕ್ಕಿಂತ ಕಡಿಮೆ ಇರಬೇಕು. ಸಣ್ಣ ಥರ್ಮಾಮೀಟರ್ ಒಂದನ್ನು ಲೋಟ ನೀರಿನಲ್ಲಿ ನಿಲ್ಲಿಸಿ ರಾತ್ರಿಯಿಡೀ ಒಳಗಿಟ್ಟು ನೋಡಿ.

ವಿದ್ಯುತ್ ಹೋದಾಗ ಬಾಗಿಲು ತೆರೆಯದಿದ್ದರೆ ಸುಮಾರು ನಾಲ್ಕು ಗಂಟೆ ತಂಪು ಉಳಿಯುತ್ತದೆ. ಅದಕ್ಕೂ ಹೆಚ್ಚು ಹೊತ್ತು ಹೋಗಿದ್ದರೆ ಹಾಲು ಮೊಸರು ಬೆರೆತದ್ದನ್ನು ಚೆಲ್ಲಿಬಿಡಿ. ಮೂಸಿ ನೋಡಿ ತೀರ್ಮಾನಿಸಬೇಡಿ, ಹೊಟ್ಟೆ ಕೆಡಿಸುವ ಸೂಕ್ಷ್ಮಾಣುಗಳು ಎಷ್ಟೋ ಸಲ ವಾಸನೆ ಕೊಡುವುದಿಲ್ಲ. ಅದೇ ಕಾರಣಕ್ಕೆ ಕಚೇರಿಗೆ ಕೊಂಡೊಯ್ಯುವಾಗಲೂ ಹೊರಗೆ ಎರಡು ಗಂಟೆಗಿಂತ ಹೆಚ್ಚು ಇರಬಾರದು. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಒಂದೇ ಗಂಟೆ.

ಮೂರನೇ ದಿನಕ್ಕೆ ಹುಳಿ ಏರುವುದು ಸಹಜ, ಮೊಸರಿನ ಜೀವಾಣು ತಂಪಿನಲ್ಲೂ ಮೆಲ್ಲಗೆ ಕೆಲಸ ಮಾಡುತ್ತಿರುತ್ತದೆ. ಅಂದೇ ಹೆಪ್ಪಾದ ಮೊಸರು ಬಳಸಿ. ಮೂರನೇ ದಿನದ ಬಾಟಲಿಗೆ 120 ಮಿ.ಲೀ. ಹಾಲು ಮಾತ್ರ ಹಾಕಿ, ಮೊಸರನ್ನು ಅಂದು ಬೆಳಿಗ್ಗೆ ಸೇರಿಸಿದರಾಯಿತು.

ಪ್ರಶ್ನೆ: ಫ್ರಿಜ್ ಇಲ್ಲದವರು ಏನು ಮಾಡಬೇಕು? (ಚಾಮರಾಜನಗರ)

ಹೊರಗಡೆ ರಾತ್ರಿಯಿಡೀ ನೆನೆಸಬೇಡಿ. ಬೆಳಿಗ್ಗೆ ಆಗತಾನೇ ಕಾಯಿಸಿ ಉಗುರುಬೆಚ್ಚಗಾದ ಹಾಲಿನಲ್ಲಿ ರೋಲ್ಡ್ ಓಟ್ಸ್ 30 ನಿಮಿಷ ನೆನೆಸಿ. ಸ್ನಾನ ಮುಗಿಯುವಷ್ಟರಲ್ಲಿ ತಿನ್ನಲು ಸಿದ್ಧ. ಸ್ವಲ್ಪ ಅಗಿಯುವ ಹಾಗೆ ಇರುತ್ತದೆ, ಅಷ್ಟೇ.

ಪ್ರಶ್ನೆ: ಅಂಗಡಿಯ ಮ್ಯೂಸ್ಲಿ ಪೊಟ್ಟಣ ಕೊಳ್ಳುವುದೋ, ಮನೆಯಲ್ಲೇ ಬೆರೆಸುವುದೋ? (ಬೆಂಗಳೂರು)

ಮನೆಯಲ್ಲಿ ಬೆರೆಸಿ. ಕೊಳ್ಳುವುದೇ ಆದರೆ ಪೊಟ್ಟಣದ ಮುಂಭಾಗದ ಹಣ್ಣಿನ ಚಿತ್ರ ಬಿಟ್ಟು ಹಿಂದೆ ಓದಿ. ಪದಾರ್ಥಗಳ ಪಟ್ಟಿ ತೂಕದ ಇಳಿಕೆಯ ಕ್ರಮದಲ್ಲಿರುತ್ತದೆ. ಮೊದಲ ಮೂರರಲ್ಲಿ ಸಕ್ಕರೆ, ಗ್ಲೂಕೋಸ್ ಸಿರಪ್, ಇನ್ವರ್ಟ್ ಸಿರಪ್, ಜೇನು ಇವುಗಳಲ್ಲಿ ಯಾವುದಿದ್ದರೂ ಕೆಳಗಿಡಿ. 100 ಗ್ರಾಂಗೆ 15 ಗ್ರಾಂ ಸಕ್ಕರೆ ಎಂದಿದ್ದರೆ ನಿಮ್ಮ 50 ಗ್ರಾಂ ಬಟ್ಟಲಿನಲ್ಲಿ ಹೆಚ್ಚುಕಡಿಮೆ ಎರಡು ಟೀ ಚಮಚ ಸಕ್ಕರೆ ಇದೆ ಎಂದರ್ಥ. ಒಣದ್ರಾಕ್ಷಿ ಇದ್ದರೆ ಅದರ ಸಿಹಿಯೂ ಈ ಲೆಕ್ಕದಲ್ಲೇ ಸೇರಿರುತ್ತದೆ, ಹಾಗಾಗಿ ಅಂಕಿ ಮತ್ತು ಪಟ್ಟಿ ಎರಡನ್ನೂ ಒಟ್ಟಿಗೆ ನೋಡಬೇಕು. ಬಣ್ಣಬಣ್ಣದ ಹಣ್ಣಿನ ತುಂಡು ಎಂದು ಕಾಣುವುದು ಬಹಳ ಸಲ ಪಾಕದಲ್ಲಿ ಅದ್ದಿದ ಕಾಯಿ ಪರಂಗಿ, ನಮ್ಮ ಟೂಟಿ ಫ್ರೂಟಿ. ಕಾರ್ನ್‌ಫ್ಲೇಕ್ಸ್ ಬೆರೆಸಿದ ಮ್ಯೂಸ್ಲಿಯಂತೂ ರಾತ್ರಿ ನೆನೆಸಲು ಬರುವುದೇ ಇಲ್ಲ, ಒದ್ದೆ ಕಾಗದದಂತಾಗುತ್ತದೆ.

ಮನೆಯಲ್ಲಿ ಮಾಡುವಾಗ ಎರಡು ಡಬ್ಬಿ ಇಟ್ಟುಕೊಳ್ಳಿ. ರಾತ್ರಿಯ ಡಬ್ಬಿಗೆ ರೋಲ್ಡ್ ಓಟ್ಸ್ 600 ಗ್ರಾಂ, ಒಣದ್ರಾಕ್ಷಿ 120 ಗ್ರಾಂ, ತುರಿದ ಒಣಕೊಬ್ಬರಿ 40 ಗ್ರಾಂ. ಬೆಳಗಿನ ಡಬ್ಬಿಗೆ ತುಂಡು ಮಾಡಿದ ಬಾದಾಮಿ 120 ಗ್ರಾಂ, ಸಿಹಿಗುಂಬಳದ ಬೀಜ 60, ಸೂರ್ಯಕಾಂತಿ ಬೀಜ 60. ಇದು 20 ದಿನಕ್ಕೆ ಒಬ್ಬರಿಗೆ ಆಗುತ್ತದೆ. ರಾತ್ರಿಯದು ದಿನಕ್ಕೆ 38 ಗ್ರಾಂ, ಬೆಳಗಿನದು 12 ಗ್ರಾಂ, ಅಂದರೆ ತುಂಬಿದ ಒಂದು ದೊಡ್ಡ ಚಮಚ. ಹಾಲು ಮೊಸರಿನ ಅಳತೆ ಮೇಲೆ ಹೇಳಿದ್ದೇ.

ಓಟ್ಸನ್ನು ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಎಂಟು ಹತ್ತು ನಿಮಿಷ, ಘಮ ಬರುವವರೆಗೆ ಹುರಿಯಿರಿ. ಬಾದಾಮಿ ಮತ್ತು ಬೀಜಗಳನ್ನು ಬೇರೆಯಾಗಿ ಹುರಿಯಿರಿ, ಅವು ಬೇಗ ಸೀಯುತ್ತವೆ. ಒಣದ್ರಾಕ್ಷಿಯನ್ನು ಹುರಿಯಬಾರದು. ಎಲ್ಲ ಪೂರ್ತಿ ತಣ್ಣಗಾದ ಮೇಲೆ ಅದನ್ನು ಸೇರಿಸಿ. ಬಿಸಿಯಿರುವಾಗ ಮುಚ್ಚಿದರೆ ಡಬ್ಬಿಯೊಳಗೆ ಬೆವರು ಕಟ್ಟಿ ವಾರದಲ್ಲಿ ಬೂಷ್ಟು ಹಿಡಿಯುತ್ತದೆ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಈ ಅಳತೆಯ ಅರ್ಧ ಮಾತ್ರ ಮಾಡಿ. ಅಗಸೆ ಬೀಜ ಇಷ್ಟಪಡುವವರು ಇಡಿಯಾಗಿ ಹಾಕಬೇಡಿ, ಜೀರ್ಣವಾಗದೆ ಹಾಗೆಯೇ ಹೊರಹೋಗುತ್ತದೆ. ಹುರಿದು ಪುಡಿ ಮಾಡಿ ಬೇರೆ ಸೀಸೆಯಲ್ಲಿ ಫ್ರಿಜ್‌ನಲ್ಲಿಡಿ, ವಾರಕ್ಕಾಗುವಷ್ಟೇ. ಅದರ ಎಣ್ಣೆ ಬೇಗ ಕಮಟುತ್ತದೆ.

ಪ್ರಶ್ನೆ: ಬೇಯಿಸದ ಓಟ್ಸ್ ಹಸಿಯಲ್ಲವೇ? ಹಾಗಾದರೆ ರಾಗಿ ಹಿಟ್ಟನ್ನೂ ಹೀಗೆ ನೆನೆಸಬಹುದೇ? ಓಟ್ಸ್ ಬದಲು ಅವಲಕ್ಕಿ ಆಗುತ್ತದೆಯೇ? (ಮಂಡ್ಯ, ಉಡುಪಿ)

ರೋಲ್ಡ್ ಓಟ್ಸ್ ಪೂರ್ತಿ ಹಸಿಯಲ್ಲ. ಕಾರ್ಖಾನೆಯಲ್ಲಿ ಅದನ್ನು ಹಬೆಯಲ್ಲಿ ಹಾಯಿಸಿ, ಒಣಗಿಸಿ ಒತ್ತಿರುತ್ತಾರೆ. ನಮ್ಮ ಅವಲಕ್ಕಿಯಂತೆಯೇ. ಭತ್ತವನ್ನು ನೆನೆಸಿ, ಹುರಿದು, ಕುಟ್ಟುವುದರಿಂದಲೇ ಅವಲಕ್ಕಿಯನ್ನು ಒಲೆಯ ಹಂಗಿಲ್ಲದೆ ಮೊಸರಿಗೆ ಹಾಕಿ ತಿನ್ನುತ್ತೇವೆ. ಕೃಷ್ಣ ಜನ್ಮಾಷ್ಟಮಿಯ ಮೊಸರವಲಕ್ಕಿ ಮಾಡಿದವರಿಗೆ ಈ ಮ್ಯೂಸ್ಲಿ ಹೊಸ ವಿದ್ಯೆಯಲ್ಲ.

ರಾಗಿಯ ಹಸಿ ಹಿಟ್ಟು ಮಾತ್ರ ಬೇಡ. ಅದು ಬೇಯದ ಪಿಷ್ಟ, ಜೊತೆಗೆ ಯಾವ ಹಸಿ ಹಿಟ್ಟಿನಲ್ಲೂ ರೋಗಾಣು ಇರಬಹುದು, ನೆನೆಸಿದರೆ ಅದು ಸಾಯುವುದಿಲ್ಲ. ರಾಗಿ ಬೇಕೆನ್ನುವವರಿಗೆ ಹುರಿಹಿಟ್ಟು ಇದೆ. ಅರಳಿಸಿ ಬೀಸಿದ್ದಾದ್ದರಿಂದ ಹಾಗೆಯೇ ತಿನ್ನಬಹುದು, ಘಮವೂ ಹೆಚ್ಚು. 30 ಗ್ರಾಂ ಓಟ್ಸ್‌ಗೆ ಒಂದೂವರೆ ದೊಡ್ಡ ಚಮಚ ಹುರಿಹಿಟ್ಟು ಮಿತಿ, ಮೀರಿದರೆ ಗಾರೆಯಂತೆ ಗಟ್ಟಿ. ಮೊದಲು ತಣ್ಣನೆ ಹಾಲಿನಲ್ಲಿ ಗಂಟಿಲ್ಲದಂತೆ ಕದಡಿ, ಆಮೇಲೆ ಓಟ್ಸ್ ಹಾಕಿ.

ಅವಲಕ್ಕಿಯಲ್ಲಿ ಗಟ್ಟಿ ಅವಲಕ್ಕಿ ರಾತ್ರಿಗೆ, ತೆಳು ಅವಲಕ್ಕಿ ಬೆಳಿಗ್ಗೆ ಹತ್ತು ನಿಮಿಷಕ್ಕೆ. ಗಟ್ಟಿಯದು 40 ಗ್ರಾಂ ತೆಗೆದು, ಒಮ್ಮೆ ತೊಳೆದು ಬಸಿದು, 100 ಗ್ರಾಂ ಮೊಸರು, 40 ಮಿ.ಲೀ. ಹಾಲು ಹಾಕಿಡಿ. ಬೆಳಿಗ್ಗೆ ಹಸಿ ತೆಂಗಿನ ತುರಿ ಎರಡು ಚಮಚ, ದಾಳಿಂಬೆ, ಏಲಕ್ಕಿ ಪುಡಿ. ಬಿಳಿ ಅವಲಕ್ಕಿಯಲ್ಲಿ ನಾರು ಓಟ್ಸ್‌ಗಿಂತ ಬಹಳ ಕಡಿಮೆ, ಕರಾವಳಿಯಲ್ಲಿ ಸಿಗುವ ಕೆಂಪಕ್ಕಿ ಅವಲಕ್ಕಿ ಅದಕ್ಕಿಂತ ಮೇಲು. ಗೋಧಿಯ ಗ್ಲುಟೆನ್ ಆಗದವರಿಗೆ ಅವಲಕ್ಕಿಯೇ ಓಟ್ಸ್‌ಗಿಂತ ಸುರಕ್ಷಿತ. ಸಾಮಾನ್ಯ ಓಟ್ಸ್ ಗೋಧಿ ಬಾರ್ಲಿಯ ಜೊತೆ ಬೆರಕೆಯಾಗಿರುವ ಸಂಭವವಿದೆ.

ಪ್ರಶ್ನೆ: ಮಧುಮೇಹ ಇರುವವರು ತಿನ್ನಬಹುದೇ? ಸಕ್ಕರೆ ಬದಲು ಜೇನು ಹಾಕುತ್ತೇವೆ. (ದಾವಣಗೆರೆ)

ತಿನ್ನಬಹುದು, ಜೇನು ಬಿಟ್ಟು. ಜೇನು, ಬೆಲ್ಲ, ಖರ್ಜೂರದ ಪಾಕ ಎಲ್ಲವೂ ರಕ್ತದಲ್ಲಿ ಸಕ್ಕರೆಯನ್ನೇ ಏರಿಸುತ್ತವೆ. ಓಟ್ಸ್ 30 ಗ್ರಾಂ, ಮೊಸರು 100 ಗ್ರಾಂ, ಹಾಲು 50 ಮಿ.ಲೀ., ಬೆಳಗಿನ ಡಬ್ಬಿಯಿಂದ ಒಂದು ಚಮಚ, ಹಣ್ಣು 80ರಿಂದ 100 ಗ್ರಾಂ. ಒಣದ್ರಾಕ್ಷಿ ಬೇಡ. ಹಣ್ಣಿನಲ್ಲಿ ಸೀಬೆ, ಸಿಪ್ಪೆ ಸಹಿತ ಸೇಬು ಒಳ್ಳೆಯ ಆಯ್ಕೆ. ಸಪೋಟ, ಕಳಿತ ಬಾಳೆ, ಮಾವು ದಿನವೂ ಬೇಡ. ಹಣ್ಣನ್ನು ರುಬ್ಬಬೇಡಿ, ತುಂಡಾಗಿಯೇ ಇರಲಿ. ದಾಲ್ಚಿನ್ನಿ ಪುಡಿ ಒಂದು ಚಿಟಿಕೆ ಹಾಕಿದರೆ ಸಿಹಿಯ ಭಾವನೆ ಬರುತ್ತದೆ.

ಮೊದಲ ಮೂರು ನಾಲ್ಕು ದಿನ ತಿಂದ ಎರಡು ಗಂಟೆಯ ನಂತರ ಗ್ಲೂಕೋಮೀಟರ್‌ನಲ್ಲಿ ನೋಡಿ. ಒಬ್ಬರಿಗೆ ಹೊಂದಿದ ಅಳತೆ ಇನ್ನೊಬ್ಬರಿಗೆ ಹೊಂದಬೇಕೆಂದಿಲ್ಲ. ಇಡ್ಲಿ, ದೋಸೆಯಿಂದ ಇದಕ್ಕೆ ಬದಲಾದಾಗ ಇನ್ಸುಲಿನ್ ತೆಗೆದುಕೊಳ್ಳುವವರು ಪ್ರಮಾಣದ ಬಗ್ಗೆ ತಮ್ಮ ವೈದ್ಯರನ್ನು ಕೇಳಲೇಬೇಕು. ಕೊಲೆಸ್ಟ್ರಾಲ್ ಇಳಿಯುತ್ತದೆಯೇ ಎಂದೂ ಕೇಳಿದ್ದೀರಿ. ದಿನಕ್ಕೆ 3 ಗ್ರಾಂ ಬೀಟಾ ಗ್ಲುಕಾನ್ ಒಳಗೆ ಹೋದರೆ ಸ್ವಲ್ಪ ಇಳಿಯುತ್ತದೆ. ಅದಕ್ಕೆ ಸುಮಾರು 75 ಗ್ರಾಂ ಓಟ್ಸ್ ಬೇಕು, ಒಂದು ಬಟ್ಟಲಿನಿಂದ ಅರ್ಧದಷ್ಟು ಮಾತ್ರ ಸಿಗುತ್ತದೆ. ಮಾತ್ರೆ ನಿಲ್ಲಿಸುವ ಮಾತಿಲ್ಲ.

ಪ್ರಶ್ನೆ: ಬೆಳಿಗ್ಗೆ ಥೈರಾಯ್ಡ್ ಮಾತ್ರೆ ನುಂಗುತ್ತೇನೆ. ತಕ್ಷಣ ಮ್ಯೂಸ್ಲಿ ತಿನ್ನಬಹುದೇ? (ಹಾಸನ)

ತಕ್ಷಣ ಬೇಡ. ಲೆವೊಥೈರಾಕ್ಸಿನ್ ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲಿ ನೀರಿನೊಂದಿಗೆ ನುಂಗಿ 30ರಿಂದ 60 ನಿಮಿಷ ಬಿಡಬೇಕು. ಹಾಲಿನ ಕ್ಯಾಲ್ಸಿಯಂ, ಓಟ್ಸ್‌ನ ನಾರು ಎರಡೂ ಮಾತ್ರೆ ಹೀರಿಕೆಯಾಗಲು ಅಡ್ಡ ಬರುತ್ತವೆ, ಹಾಗಾಗಿ ಪೂರ್ತಿ ಒಂದು ಗಂಟೆ ಕಾಯುವುದೇ ವಾಸಿ. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗಳಿದ್ದರೆ ಅವುಗಳಿಗೆ ನಾಲ್ಕು ಗಂಟೆಯ ಅಂತರ.

ಪ್ರಶ್ನೆ: ಹಾಲಿನ ಜೊತೆ ಬಾಳೆಹಣ್ಣು ವಿರುದ್ಧಾಹಾರ ಎನ್ನುತ್ತಾರೆ ಮನೆಯ ಹಿರಿಯರು. ತಣ್ಣಗಿರುವುದನ್ನು ಮುಟ್ಟುವುದೂ ಇಲ್ಲ. (ಶಿರಸಿ)

ಆಯುರ್ವೇದದಲ್ಲಿ ಹಾಗೆ ಹೇಳಿರುವುದು ನಿಜ, ಹಾಲಿನೊಂದಿಗೆ ಹುಳಿ ಹಣ್ಣನ್ನೂ ಅಲ್ಲಿ ನಿಷೇಧಿಸಿದೆ. ಆ ಪಥ್ಯ ಪಾಲಿಸುವವರ ಮನಸ್ಸು ನೋಯಿಸುವ ಅಗತ್ಯವೇನಿಲ್ಲ. ಓಟ್ಸನ್ನು 100 ಮಿ.ಲೀ. ನೀರಿನಲ್ಲಿ ನೆನೆಸಿ, ಬೆಳಿಗ್ಗೆ ಆಗ ಹಿಂಡಿದ ತೆಂಗಿನ ಹಾಲು 50 ಮಿ.ಲೀ. ಬೆರೆಸಿ, ಹಣ್ಣು ಹಾಕಿಕೊಡಿ. ತೆಂಗಿನ ಹಾಲನ್ನು ರಾತ್ರಿಯೇ ಹಾಕಿದರೆ ಕೊಬ್ಬು ಮೇಲೆ ಕೆನೆಗಟ್ಟುತ್ತದೆ, ಬೇಗ ಕೆಡುತ್ತದೆ ಕೂಡ.

ತಣ್ಣಗಿರುವುದು ಬೇಡವೆನ್ನುವವರಿಗೆ ಹಾಲಿನಲ್ಲೋ ನೀರಿನಲ್ಲೋ ಮಾತ್ರ ನೆನೆಸಿದ್ದನ್ನು ಸಣ್ಣ ಉರಿಯಲ್ಲಿ ಎರಡು ನಿಮಿಷ ಬಿಸಿ ಮಾಡಿ ಕೊಡಬಹುದು. ಮೊಸರು ಹಾಕಿದ್ದನ್ನು ಬಿಸಿ ಮಾಡಿದರೆ ಒಡೆಯುತ್ತದೆ. ಹೊಸದಾಗಿ ಶುರು ಮಾಡಿದವರಿಗೆ ಹೊಟ್ಟೆ ಉಬ್ಬರಿಸಿದರೆ ಕಾರಣ ತಂಪಲ್ಲ, ಒಮ್ಮೆಲೇ ಹೆಚ್ಚಿದ ನಾರು. ಮೊದಲ ವಾರ 20 ಗ್ರಾಂ ಓಟ್ಸ್‌ನಿಂದ ಆರಂಭಿಸಿ, ಹಗಲು ನೀರು ಹೆಚ್ಚಿಗೆ ಕುಡಿಯಲಿ.

ಪ್ರಶ್ನೆ: ಮೂರು ವರ್ಷದ ಮಗುವಿಗೆ ಕೊಡಬಹುದೇ? (ಬೆಳಗಾವಿ)

ಕೊಡಬಹುದು, ಓಟ್ಸ್ 20 ಗ್ರಾಂ ಸಾಕು. ಇಡೀ ಬಾದಾಮಿ, ಇಡೀ ದ್ರಾಕ್ಷಿ ಖಂಡಿತ ಬೇಡ, ಗಂಟಲಿಗೆ ಸಿಕ್ಕಿಕೊಳ್ಳುತ್ತವೆ. ಬಾದಾಮಿಯನ್ನು ಪುಡಿ ಮಾಡಿ, ದ್ರಾಕ್ಷಿಯನ್ನು ಉದ್ದಕ್ಕೆ ನಾಲ್ಕಾಗಿ ಸೀಳಿ, ಬೀಜ ತೆಗೆದು ಹಾಕಿ. ಮನೆಯಲ್ಲಿ ವರ್ಷ ತುಂಬದ ಕೂಸಿದ್ದರೆ ಜೇನು ಬೆರೆತ ಬಟ್ಟಲಿನಿಂದ ಅದಕ್ಕೆ ಒಂದು ತುತ್ತೂ ಕೊಡಬಾರದು.

ಪ್ರಶ್ನೆ: ಮಾವಿನ ಕಾಲಕ್ಕೆ ಯಾವ ಹಣ್ಣು, ಹೇಗೆ? (ಕೋಲಾರ)

ಬಾದಾಮಿ, ಮಲ್ಲಿಕಾ ತಳಿಯ ಮಾವು ತುಂಡಿಗೆ ಒಳ್ಳೆಯದು, ನಾರಿಲ್ಲ. ರಸಪುರಿ ಹೆಸರಿಗೆ ತಕ್ಕಂತೆ ರಸದ ಹಣ್ಣು, ಅದನ್ನು ಹಿಂಡಿ ರಾತ್ರಿಯೇ ಬೆರೆಸಿ: ರಸ 80 ಗ್ರಾಂ ಹಾಕಿದರೆ ಹಾಲು 80ರಿಂದ 40 ಮಿ.ಲೀ.ಗೆ ಇಳಿಸಿ, ಒಣದ್ರಾಕ್ಷಿ ಬಿಡಿ. ಹಣ್ಣು ಪೂರ್ತಿ ಕಳಿತಿರಬೇಕು, ಅರೆಹಣ್ಣಿನ ಹುಳಿಗೆ ಹಾಲು ಮೊಸರು ತರಿತರಿಯಾಗುತ್ತದೆ. ಹಣ್ಣನ್ನು ಕೊಯ್ಯುವ ಮುಂಚೆ ಒಂದು ಗಂಟೆ ನೀರಿನಲ್ಲಿ ನೆನೆಹಾಕಿ, ತೊಟ್ಟಿನ ಬಳಿಯ ಸೊನೆ ತೊಳೆದುಹೋಗುತ್ತದೆ. ಬೆಳಿಗ್ಗೆ ಮೇಲೆ ಹಾಕಲು ಹುರಿದ ಸಿಹಿಗುಂಬಳದ ಬೀಜ ಮಾವಿಗೆ ಬಾದಾಮಿಗಿಂತ ಚೆನ್ನಾಗಿ ಹೊಂದುತ್ತದೆ.